ಕೆರೆಗೆ ಬೆನ್ನು ಹಾಕಿ ಬರೆದ ಹಂಸಗಳು

ನಮ್ಮ ಮೇಷ್ಟ್ರ ಎಡಗೈ ಹೆಬ್ಬೆರಳಿನ ಉಗುರಿಗೆ ಯಾವಾಗಲೂ ಯಾವುದಾದರೂ ಬಣ್ಣ ಮೆತ್ತಿಕೊಂಡಿರುತ್ತಿತ್ತು. ಬಣ್ಣ ಕಲೆಸಲು ತಟ್ಟೆ ಇರಲಿಲ್ಲವೆಂದಲ್ಲ. ಕಲೆಸಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡುತ್ತಿದ್ದದ್ದು ಮಾತ್ರ ಉಗುರಿನ ಮೇಲೆ. ಬ್ರಶ್ಶನ್ನು ಉಗುರಿಗೆ ಸವರಿ, ಕೈಯನ್ನು ಕೆರೆಯ ನೀರಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಥತ್, ಅಲ್ಲ" ಎಂದು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಆ ಪಂಚೆ ಒಗೆಯುವ ಕರ್ಮವೂ ಅವರದೇ. ಹೆಂಡತಿ ಇರಲಿಲ್ಲ. ಮದುವೆಯಾಗುವಷ್ಟು ಹೊತ್ತು ಒಂದು ಕಡೆ ಕೂತ ಮನುಷ್ಯನೇ ಅಲ್ಲ.

ನಮ್ಮೂರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನಾನು ಮದುವೆಯಾಗಿ ಈ ಮನೆಗೆ ಬರುವ ಮೊದಲೇ ಮಹಡಿಯ ಕೋಣೆ ಹಿಡಿದಿದ್ದರು, ರಿಟೈರಾದ ಮೇಲೂ ಬಿಡಲಿಲ್ಲ. ಕೋಣೆಯ ಪಕ್ಕಕ್ಕೇ ನಮ್ಮ ಕೊಬ್ಬರಿ ಅಟ್ಟ. ಮೇಷ್ಟ್ರು ಆ ಹಲಗೆ ನೆಲದ ಮೇಲೆ ಅತ್ತಿಂದಿತ್ತ ಓಡಾಡಿದರೆ ಅಟ್ಟದಲ್ಲಿ ಒಣಗಿದ ಕಾಯಿಯೆಲ್ಲ ಒಳಗೊಳಗೇ ಲೊಟಲೊಟ ಎನ್ನುತ್ತಿದ್ದವು. ನಾನು ಕೆಳಗಿನಿಂದ ಕೂಗಬೇಕು: "ಮೇಷ್ಟ್ರೇ, ಒಂದ್ಗಳಿಗೆ ಕೂತ್ಕೊಳ್ರೀ, ಅಟ್ಟ ಬಿದ್ದು ಹೋಯ್ತದೆ!"

"ಬೆಳಕಿಗೆ ಕಾಲಿದೆ ಕಣಮ್ಮ. ನಾನು ಕೂತ್ರೆ ಅದು ಕೂರುತ್ತಾ?" ಎನ್ನುವುದು ಮೇಲಿನಿಂದ ಬರುವ ಉತ್ತರ. ಆ ಉತ್ತರ ಬರುವಷ್ಟರಲ್ಲಿ ಅವರು ಅರ್ಧ ಮೆಟ್ಟಿಲು ಇಳಿದಿರುತ್ತಿದ್ದರು, ಕಂಕುಳಲ್ಲಿ ಹಾಳೆ ಸಿಕ್ಕಿಸಿದ ರಟ್ಟು, ಕೈಯಲ್ಲಿ ನೀರಿನ ಡಬ್ಬಿ. ತಿಂಡಿ ನಿಂತೇ ತಿನ್ನುತ್ತಿದ್ದರು. ಪಾಠ ಮಾಡುತ್ತಾ ಕಿಟಕಿ ಕಡೆ ನೋಡಿದರೆ ಮುಗಿಯಿತು, ಮಕ್ಕಳಿಗೆ "ಒಂದು ಕೊಡ ಬರೀರೋ" ಎಂದು ಹೇಳಿ ಸೈಕಲ್ ಹತ್ತಿಬಿಡುತ್ತಿದ್ದರು. ನಮ್ಮೂರಿನ ಒಂದು ತಲೆಮಾರು ಪೂರ್ತಿ ಕೊಡ ಚೆನ್ನಾಗಿ ಬರೆಯುತ್ತದೆ, ಬೇರೇನೂ ಬರೆಯಲು ಬರುವುದಿಲ್ಲ.

ಅವರು ಓಡುತ್ತಿದ್ದದ್ದು ಕೆರೆಗೆ. ತಿಪಟೂರಿನಿಂದ ಶೆಟ್ಟಿಕೆರೆ ಕಡೆ ಹೋಗುವ ಬಸ್ಸು ನಮ್ಮ ಕೆರೆಯ ಏರಿ ಮೇಲೆ ಹಾಯುತ್ತದೆ. ಕಿಟಕಿ ಪಕ್ಕ ಕೂತವರು ಅಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ವಾಸನೆ ನಮ್ಮ ಅನ್ನ. ನಮ್ಮದು ಹಗ್ಗದ ಕಸುಬು, ನಮ್ಮತ್ತೆ ಕಟ್ಟಿ ನನ್ನ ತಲೆಗೆ ಹೊರಿಸಿ ಹೋದದ್ದು. ಕಾಯಿ ಸುಲಿದ ಮೇಲೆ ಉಳಿಯುವ ಮಟ್ಟೆಯನ್ನು ಕೆರೆಯಂಚಿನ ನೀರಿನಲ್ಲಿ ಮುಳುಗಿಸಿ, ಮೇಲೆ ಗರಿ ಹಾಸಿ, ಕೆಸರು ಮೆತ್ತಿ, ಕಲ್ಲು ಹೇರಿಬಿಡಬೇಕು. ಆಷಾಢದಲ್ಲಿ ಮುಳುಗಿಸಿದರೆ ಶಿವರಾತ್ರಿಗೆ ಎತ್ತುವುದು. ಆಮೇಲೆ ಕೊಡತಿಯಿಂದ ಬಡಿದರೆ ಹೊನ್ನಿನಂಥ ನಾರು ಬಿಟ್ಟುಕೊಳ್ಳುತ್ತದೆ. ಒಣ ಮಟ್ಟೆಯನ್ನು ಮಿಷನ್ನಿಗೆ ಕೊಟ್ಟರೆ ಆ ಕ್ಷಣಕ್ಕೇ ನಾರು ಬರುತ್ತದಪ್ಪ, ಯಾರು ಇಲ್ಲವೆಂದರು? ಆದರೆ ಆ ಹಗ್ಗದಲ್ಲಿ ಹೋರಿ ಕಟ್ಟಿ ನೋಡಿ, ಗೊತ್ತಾಗುತ್ತದೆ. ನನ್ನ ಜೊತೆ ಊರಿನ ಹೆಂಗಸರು ಹತ್ತಾರು ಜನ ಇದ್ದರು. ಒಬ್ಬೊಬ್ಬರದೂ ನೀರಿನಲ್ಲಿ ಒಂದೊಂದು ಗುಡ್ಡೆ, ಗುರುತಿಗೆ ಒಂದೊಂದು ಕೋಲು.

ಮೇಷ್ಟ್ರು ಮುವ್ವತ್ತು ವರ್ಷ ಬರೆದದ್ದು ಇದನ್ನೇ. ಮುಂಜಾನೆ ಒಂದು, ನೆತ್ತಿ ಬಿಸಿಲಿಗೆ ಒಂದು, ಹೊತ್ತು ಮುಳುಗುವಾಗ ಒಂದು. ಅದೇ ಕೆರೆ, ಅದೇ ಮಟ್ಟೆ, ಅದೇ ಬಗ್ಗಿದ ಬೆನ್ನುಗಳು. ಒಂದೊಂದು ಚಿತ್ರಕ್ಕೂ ಹೆಚ್ಚೆಂದರೆ ಅರ್ಧ ಗಂಟೆ, ಅಷ್ಟರಲ್ಲಿ ಬೆಳಕು ಬದಲಾಯಿತೆಂದು ಹಾಳೆ ಎಳೆದು ಬೇರೆಯದು ಶುರು.

ನಮ್ಮ ಕೆಲಸದವರಲ್ಲಿ ಹಿರಿಯಳು ಲಕ್ಕಮ್ಮ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಒಂದು ದಿನ ಹಿಂದಿನಿಂದ ಬಂದು ಚಿತ್ರ ಬಗ್ಗಿ ನೋಡಿದಳು.

"ಇದ್ಯಾರು ಮೇಷ್ಟ್ರೇ, ಈ ಕೆಂಪು ಸೀರೆ?"

"ನೀನೇ ಕಣವ್ವ."

"ನನ್ ಮೂಗೆಲ್ಲಿ? ಹೊಸಾ ಮೂಗುತಿ ಹಾಕ್ಕಂಡು ಬಂದಿವ್ನಿ ಇವತ್ತು!"

"ಅಷ್ಟು ದೂರದಿಂದ ಮೂಗು ಕಾಣಲ್ಲ. ನೀನು ಬಗ್ಗೋದು ಕಾಣ್ತದೆ, ಅದನ್ನ ಬರ್ದಿದೀನಿ."

"ಬುಡಿ ಬುಡಿ, ಮೂಗು ಬರೆಯಕ್ಕೆ ಬರಾಕಿಲ್ಲ ಅನ್ನಿ" ಎಂದು ಲಕ್ಕಮ್ಮ ಎಲ್ಲರನ್ನೂ ನಗಿಸಿದಳು. ಮೇಷ್ಟ್ರು ಧಡಧಡ ಸೈಕಲ್ ತುಳಿದುಕೊಂಡು ಹೋಗಿ, ಮಂಚದ ಮೇಲ್ಗಡೆ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯನ್ನು ಕಿತ್ತು ತಂದರು. ಮೈಸೂರಿನಲ್ಲಿ ಓದುವಾಗ ರದ್ದಿ ಅಂಗಡಿಯಲ್ಲಿ ಸಿಕ್ಕ ಯಾವುದೋ ಪುಸ್ತಕದ ಒಂದು ಪುಟ. ಫ್ರಾನ್ಸಿನ ಯಾರೋ ಹಳೇ ಕಾಲದ ಚಿತ್ರಕಾರ ಬರೆದ ಹೊಳೆ ದಂಡೆ. ದೊಡ್ಡ ದೋಣಿಗಳು ನಿಂತಿವೆ, ದಂಡೆಯಿಂದ ದೋಣಿಗೆ ತೆಳ್ಳನೆ ಹಲಗೆ ಹಾಕಿದೆ, ತಲೆ ಮೇಲೆ ಕಲ್ಲಿದ್ದಲಿನ ಬುಟ್ಟಿ ಹೊತ್ತ ಕೂಲಿಯವರು ಆ ಹಲಗೆ ಮೇಲೆ ಸಾಲಾಗಿ ನಡೆಯುತ್ತಿದ್ದಾರೆ. ಹಿಂದೆ ಸೇತುವೆ, ಮೇಲೆ ಹೊಗೆ ಮುಚ್ಚಿದ ಆಕಾಶ. ಆ ಚಿತ್ರಕಾರನ ಹೆಸರು ನಮ್ಮ ನಾಲಗೆಗೆ ಹೊರಳುವುದಿಲ್ಲವೆಂದು ಮೇಷ್ಟ್ರು ಅವನನ್ನು 'ಹೊಳೆ ಸಾಹೇಬ' ಎಂದೇ ಕರೆಯುತ್ತಿದ್ದರು.

"ನೋಡವ್ವ, ಅವನ ಕಾಲದಲ್ಲಿ ಎಲ್ಲರೂ ರಾಜ ರಾಣಿ ದೇವತೆ ಅಂತ ಬರ್ಕೊಂಡು ಕೂತಿದ್ರೆ ನಮ್ಮ ಹೊಳೆ ಸಾಹೇಬ ಇವರನ್ನ ಬರ್ದ. ಜನ ಉಗಿದ್ರು. ಗೀಚಿದೀಯ ಅಂದ್ರು. ಮತ್ತೆ ಹೋದ, ಮತ್ತೆ ಬರ್ದ."

ಲಕ್ಕಮ್ಮ ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಅಯ್ ಶಿವನೇ, ಇವ್ರಿಗೂ ಮೂಗಿಲ್ವಲ್ಲ!" ಎಂದಳು. ಇನ್ನೂ ಸ್ವಲ್ಪ ಹೊತ್ತು ನೋಡಿ, "ಪಾಪ, ಆ ಹಲಗೆ ಮ್ಯಾಲೆ ಹೊರೆ ಹೊತ್ಕಂಡು ಹೆಂಗ್ ಹೋಗ್ತಾವ್ರೋ. ಜಾರಿದ್ರೆ ಹೊಳೆಗೇಯ" ಎಂದಳು. ಆಮೇಲೆ ಅವಳು ಮೂಗಿನ ಮಾತು ಎತ್ತಲಿಲ್ಲ.

ಮೇಷ್ಟ್ರ ಕೈಗೆ ಸಿಗದೇ ಉಳಿದದ್ದು ಒಂದೇ ಒಂದು, ಧನುರ್ಮಾಸದ ಮಂಜು. ಆಗ ನಮ್ಮ ಕೆರೆಯಲ್ಲಿ ನೀರೆಲ್ಲಿ ಮುಗಿಯಿತು, ದಂಡೆ ಎಲ್ಲಿ ಶುರುವಾಯಿತು ತಿಳಿಯುವುದಿಲ್ಲ. ಜಾರಿದ ಕಲ್ಲುಗಳನ್ನು ಸರಿಮಾಡಲು ಹೆಂಗಸರು ಮೊಣಕಾಲುದ್ದ ನೀರಿಗಿಳಿದಿರುತ್ತಾರೆ, ದಡದಲ್ಲಿ ಕೈ ಕಾಯಿಸಲು ಗರಿಯ ಬೆಂಕಿ. ಎಲ್ಲ ಕಾಣುತ್ತದೆ, ಏನೂ ಕಾಣುವುದಿಲ್ಲ. ಪ್ರತಿ ವರ್ಷ ಬರೆದು ಬರೆದು ಹರಿದು ನನ್ನ ನೀರೊಲೆಗೆ ತಂದು ತುರುಕುತ್ತಿದ್ದರು. "ಒಳ್ಳೇ ಹಾಳೆ ಕಣ್ರೀ, ಹಾಲಿನ ಲೆಕ್ಕ ಬರೆಯಕ್ಕಾದ್ರೂ ಕೊಡಿ" ಎಂದರೆ ನನ್ನನ್ನೇ ಗುರಾಯಿಸುತ್ತಿದ್ದರು.

ಒಂದು ವರ್ಷ ಆಷಾಢದಲ್ಲಿ, ನಾವು ಮಟ್ಟೆ ಮುಳುಗಿಸುತ್ತಿದ್ದಾಗ, ದಡಕ್ಕೆ ಬಂದು ಉಗುರು ತೋರಿಸಿದರು. ಅದರ ಮೇಲೆ ಬೂದಿಯೂ ಅಲ್ಲದ, ಹಾಲೂ ಅಲ್ಲದ ಒಂದು ಬಣ್ಣ. "ಸಿಕ್ತು ಕಣಮ್ಮ. ಈ ಧನುರ್ಮಾಸ ಬಿಡಲ್ಲ" ಎಂದರು. ಮಗುವಿನಂತೆ ಕುಣಿಯುತ್ತಿದ್ದರು. ಅದಕ್ಕೆ ಮೊದಲಿನ ತಿಂಗಳಷ್ಟೇ ತಿಪಟೂರಿನ ಡಾಕ್ಟರು ಅವರ ಎದೆ ನೋಡಿ, ಇನ್ನು ಮೇಲೆ ಸುಮ್ಮನೆ ಕೂತಿರಬೇಕು ಎಂದು ಹೇಳಿ ಕಳಿಸಿದ್ದರು. ಯಾರಿಗೆ ಹೇಳಿದ್ದು!

ದೀಪಾವಳಿ ಕಳೆದ ಮೇಲೆ ನಮ್ಮ ತಲೆಗೆ ಗಂಡಾಂತರ ಬಂತು. ಕೆರೆಯನ್ನು ಚಂದ ಮಾಡಲು ಊರಿನಲ್ಲಿ ಒಂದು ಸಮಿತಿಯಾಯಿತು. ಓಡಾಡಲು ಹಾದಿ, ಕೂರಲು ಕಲ್ಲು ಬೆಂಚು, ರಸ್ತೆಯ ಬದಿಗೆ ಉದ್ದಕ್ಕೆ ಗೋಡೆ, ಅದರ ಕೆರೆ ಕಡೆಯ ಮೈತುಂಬ ಚಿತ್ರ. ಸಂಕ್ರಾಂತಿಗೆ ದೊಡ್ಡವರೊಬ್ಬರನ್ನು ಕರೆಸಿ ಉದ್ಘಾಟನೆ. ಅಷ್ಟರೊಳಗೆ ದಂಡೆಯ ಮಟ್ಟೆಯನ್ನೆಲ್ಲ ಜೆಸಿಬಿ ತಂದು ಎತ್ತಿ ಬಿಸಾಡುವುದು. ಸಮಿತಿಯ ಅಧ್ಯಕ್ಷ ಮೇಷ್ಟ್ರ ಹಳೇ ಶಿಷ್ಯ. ನಾನು ಹೆಂಗಸರನ್ನೆಲ್ಲ ಕಟ್ಟಿಕೊಂಡು ಅವನ ಮುಂದೆ ನಿಂತೆ. ಮೇಷ್ಟ್ರೂ ಬಂದು ಒಂದು ಮೂಲೆಯಲ್ಲಿ ಕಾಲು ಕುಣಿಸುತ್ತಾ ನಿಂತಿದ್ದರು.

"ಆಷಾಢದಲ್ಲಿ ಹಾಕಿದ ಮಟ್ಟೆ ಕಣಪ್ಪ. ಶಿವರಾತ್ರಿ ತನಕ ಬಿಟ್ಬುಡು. ಆಮೇಲೆ ನಾವೇ ಎತ್ಕೊಂಡು, ಜಾಗ ಗುಡಿಸಿ ಕೊಡ್ತೀವಿ" ಎಂದೆ.

"ಅದನ್ನ ಈಗ್ಲೇ ಎತ್ತಿ ನಿಮ್ ತೋಟದಲ್ಲಿ ಹಾಕ್ಕೊಳ್ಳಿ ಅಕ್ಕ. ಏನಾಯ್ತದೆ?"

ಏನಾಗುತ್ತದೆಯಂತೆ! ಅರ್ಧ ಕೊಳೆತ ಮಟ್ಟೆಗೆ ಗಾಳಿ ತಾಗಿದರೆ ಮುಗಿಯಿತು, ಅದು ನಾರಿಗೂ ಬಾರದು, ಒಲೆಗೂ ಬಾರದು. ಆ ಹೆಂಗಸರ ಒಂದು ವರ್ಷದ ದುಡಿಮೆ ನೀರಿನಲ್ಲಿತ್ತು. ನನಗೆ ನೆತ್ತಿಗೇರಿತು. "ಅರ್ಧ ಬೆಂದ ಅನ್ನ ಇಳಿಸಿಟ್ಟು ನಾಳೆ ಬೇಯಿಸ್ತೀನಿ ಅಂತ ನಿನ್ ಹೆಂಡ್ತಿ ಅಂದ್ರೆ ಉಣ್ತೀಯೇನೋ?" ಎಂದುಬಿಟ್ಟೆ. ಜನ ಗೊಳ್ಳೆಂದು ನಕ್ಕರು. ಅವನ ಮುಖ ಕೆಂಪಾಯಿತು. ಸಂಕ್ರಾಂತಿ ಎಂದರೆ ಸಂಕ್ರಾಂತಿ ಎಂದು ಎದ್ದು ನಿಂತ.

ಗೋಡೆ ಅಷ್ಟರಲ್ಲೇ ಎದ್ದು ನಿಂತಿತ್ತು. ಅದರ ಚಿತ್ರಕ್ಕೆ ಸಮಿತಿಯವರು ಮೇಷ್ಟ್ರನ್ನು ಆಗಲೇ ಎರಡು ಸಲ ಕೇಳಿದ್ದರು. ಹಂಸ ಬೇಕು, ತಾವರೆ ಬೇಕು, ಜಿಂಕೆ, ಜಲಪಾತ ಬೇಕು ಅಂತ. "ನಮ್ಮ ಕೆರೇಲಿ ಹಂಸ ಎಲ್ಲಯ್ಯ ಇದೆ? ಕೊಕ್ಕರೆ ಇದೆ, ಎಮ್ಮೆ ಇದೆ, ಲಕ್ಕಮ್ಮ ಇದ್ದಾಳೆ. ಅವರನ್ನ ಬರೀಲಾ?" ಎಂದು ಕೇಳಿ ಎರಡು ಸಲವೂ ಓಡಿಸಿದ್ದರು. ಈಗ ಅದೇ ಮೇಷ್ಟ್ರು ಮೂಲೆಯಿಂದ ಮುಂದೆ ಬಂದು, ನಮ್ಮೆಲ್ಲರ ಎದುರಿಗೇ ಅಧ್ಯಕ್ಷನ ಹೆಗಲ ಮೇಲೆ ಕೈಯಿಟ್ಟು, "ಆಯ್ತಪ್ಪ, ಗೋಡೆ ಬರೀತೀನಿ. ಎಷ್ಟು ಹಂಸ ಬೇಕು?" ಎಂದರು.

ಮನೆಗೆ ಬಂದ ಮೇಲೆ ಕೇಳಿಯೇ ಕೇಳಿದೆ: "ನೀವೂ ಅವ್ರ ಕಡೆ ಸೇರ್ಕೊಂಡ್ರಾ? ಮುವ್ವತ್ತು ವರ್ಷ ನಮ್ಮನ್ನ ಬರ್ಕೊಂಡು ತಿರುಗಿದ್ದು ಇದಕ್ಕೇನ್ರೀ?" ಅವರು ಮೆಟ್ಟಿಲು ಹತ್ತಿ ಹೋದರು. ಮೇಲೆ ಹಲಗೆ ನೆಲದ ಮೇಲೆ ಸಂಜೆಯವರೆಗೂ ಓಡಾಡಿದ್ದು ಕೇಳಿಸಿತು. ನಾನು ಮೇಲಕ್ಕೆ ಕಾಫಿ ಕಳಿಸುವುದನ್ನು ನಿಲ್ಲಿಸಿದೆ.

ಮಾರನೆಯ ದಿನದಿಂದ ಕೆಲಸ ಶುರು. ರಸ್ತೆಯಿಂದ ದಂಡೆಗೆ ಇಳಿಯಲು ಗೋಡೆಯ ಪಕ್ಕ ಒಂದೇ ಇಳಿಜಾರು, ಗಾಡಿ ಹೋಗುವಷ್ಟು ಅಗಲ. ಮೇಷ್ಟ್ರು ಬೇರೆಲ್ಲೂ ಶುರು ಮಾಡದೆ ಸರಿಯಾಗಿ ಅಲ್ಲೇ, ಆ ಇಳಿಜಾರಿಗೆ ಅಡ್ಡವಾಗಿ ಬಿದಿರಿನ ಗಳ ನೆಡಿಸಿ ಅಟ್ಟಣಿಗೆ ಕಟ್ಟಿಸಿದರು. ಹೆಂಗಸರು ಗಳದ ಕೆಳಗೆ ಬಗ್ಗಿಕೊಂಡು ದಂಡೆಗೆ ಹೋಗಬಹುದಿತ್ತು. ಜೆಸಿಬಿ ಹೋಗುವ ಹಾಗಿರಲಿಲ್ಲ. "ಬಣ್ಣ ಹಸಿ ಇದೆ, ಧೂಳೆದ್ರೆ ಚಿತ್ರ ಹಾಳಾಗ್ತದೆ, ಮುಗಿಯೋ ತನಕ ಯಾವ ಗಾಡೀನೂ ಈ ಕಡೆ ಬರಕೂಡದು" ಎಂದು ಸಮಿತಿಗೆ ಹೇಳಿದ್ದರಂತೆ. ನನಗೆ ಆಗಲೂ ಹೊಳೆಯಲಿಲ್ಲ. ಸಿಟ್ಟಿದ್ದಾಗ ನನಗೆ ಎದುರಿಗಿರುವ ಎಮ್ಮೆಯೂ ಕಾಣುವುದಿಲ್ಲ.

ಒಂದು ವಾರ ಕಳೆದಿರಬೇಕು. ಮಟ್ಟೆ ಗುಡ್ಡೆ ನೋಡಲು ಹೋದವಳು ಗೋಡೆಯ ಹತ್ತಿರ ನಿಂತೆ. ಒಂದು ಹಂಸ ಮುಗಿದಿತ್ತು. ಏನು ಚಂದದ ಹಂಸ! ಮೇಷ್ಟ್ರು ಅದನ್ನು ನೋಡಿದರು, ಒದ್ದೆ ಬಟ್ಟೆ ತೆಗೆದುಕೊಂಡು ಕತ್ತಿನಿಂದ ಬಾಲದವರೆಗೂ ಒರೆಸಿ ಹಾಕಿದರು.

"ಯಾಕ್ರೀ? ಚೆನ್ನಾಗೇ ಇತ್ತಲ್ಲ!"

"ಕತ್ತು ಸೊಟ್ಟ."

"ಎಲ್ಲಿ ಸೊಟ್ಟ? ನಿಮ್ ತಲೆ ಸೊಟ್ಟ!"

ಮೇಷ್ಟ್ರು ತಿರುಗಲಿಲ್ಲ. ಗೋಡೆ ನೋಡಿಕೊಂಡೇ ಮೆಲ್ಲಗೆ ಕೇಳಿದರು: "ಶಿವರಾತ್ರಿ ಇನ್ನೂ ಎಷ್ಟು ದೂರ ಇದೆ ಕಣಮ್ಮ?"

ಆಗ ನನಗೆ ಹೊಳೆಯಿತು. ತಿಂಡಿ ತಿನ್ನಲು ಕೂರದ ಮನುಷ್ಯ, ಅರ್ಧ ಗಂಟೆಯಲ್ಲಿ ಕೆರೆಯನ್ನೇ ಹಾಳೆಗೆ ಇಳಿಸುವ ಮನುಷ್ಯ, ಒಂದು ಹಂಸಕ್ಕೆ ಒಂದು ವಾರ ಹಿಡಿದಿದ್ದರು. ಆ ದಿನ ನಾನೇ ಕಾಫಿ ತೆಗೆದುಕೊಂಡು ಹೋದೆ, ದೊಡ್ಡ ಲೋಟದಲ್ಲಿ. ಏನೂ ಆಗಿಲ್ಲವೆನ್ನುವ ಹಾಗೆ ಕುಡಿದರು, ಎಂದಿನಂತೆ ನಿಂತೇ.

ಧನುರ್ಮಾಸ ಬಂತು. ಅಂಥ ಮಂಜನ್ನು ನಾನು ಈ ಊರಿನಲ್ಲಿ ಕಂಡಿರಲಿಲ್ಲ. ಮೇಷ್ಟ್ರು ಬೆಳಗಿನ ಜಾವಕ್ಕೇ ಅಟ್ಟಣಿಗೆ ಹತ್ತಿ ಗೋಡೆಗೆ ಮುಖ ಮಾಡಿ ನಿಂತಿರುತ್ತಿದ್ದರು. ಕೆರೆ ಬೆನ್ನ ಹಿಂದೆ. ತಿರುಗಿ ನೋಡಿದರೆ ತಡೆಯಲಾರೆ ಎಂದು ತಿರುಗುತ್ತಲೇ ಇರಲಿಲ್ಲ. ಅವರ ಕಾಲು ಮಾತ್ರ ಗಡಗಡ ಕುಣಿಯುತ್ತಿತ್ತು, ಗಳಗಳೆಲ್ಲ ಅಲ್ಲಾಡುತ್ತಿದ್ದವು. ಲಕ್ಕಮ್ಮ ನೀರಿನಿಂದ ಕೂಗುವಳು: "ಮೇಷ್ಟ್ರೇ, ಇವತ್ತು ಹೆಂಗೈತೆ ಗೊತ್ತಾ? ನನ್ ಕೈಯೇ ನಂಗೆ ಕಾಣಾಕಿಲ್ಲ!"

"ಹೇಳ್ಬೇಡ ಕಣವ್ವ, ಹೊಟ್ಟೆ ಉರೀತದೆ!"

ಒಂದು ಬೆಳಿಗ್ಗೆ ನನಗೇ ನೋಡಲಾಗಲಿಲ್ಲ. ಸೂರ್ಯ ಮಂಜಿನೊಳಗೆ ಎಲ್ಲೋ ಇದ್ದ. ಇಡೀ ಕೆರೆ ಅವರು ಆಷಾಢದಲ್ಲಿ ಉಗುರಿನ ಮೇಲೆ ತೋರಿಸಿದ್ದ ಬಣ್ಣವೇ ಆಗಿಹೋಗಿತ್ತು. "ಒಂದೇ ಒಂದು ಬರ್ಕೊಳ್ರೀ. ಅರ್ಧ ಗಂಟೆ. ಹಾಳೆ ನಾನೇ ತಂದ್ಕೊಡ್ತೀನಿ" ಎಂದು ಬೇಡಿಕೊಂಡೆ.

ಮೇಷ್ಟ್ರು ಗಲ್ಲದಿಂದ ಆಚೆ ತೋರಿಸಿದರು. ಹೊಸ ಬೆಂಚಿನ ಮೇಲೆ ಸಮಿತಿಯ ಕಾವಲಿನವನು ಮಫ್ಲರ್ ಸುತ್ತಿಕೊಂಡು ಕೂತಿದ್ದ. "ಮೇಷ್ಟ್ರಿಗೆ ಅರ್ಧ ಗಂಟೇಲಿ ಚಿತ್ರ ಮುಗೀತದೆ ಅಂತ ಅವನ ಕಣ್ಣಿಗೆ ಬಿದ್ರೆ, ನಾಳೆ ಬೆಳಿಗ್ಗೆ ಜೆಸಿಬಿ ಬತ್ತದೆ ಕಣಮ್ಮ" ಎಂದು ಹೇಳಿ, ಒರೆಸಿದ ಹಂಸಕ್ಕೆ ಮತ್ತೆ ಕತ್ತು ಬರೆಯತೊಡಗಿದರು.

ಸಂಕ್ರಾಂತಿಗೆ ಮುಗಿಯಲಿಲ್ಲ. ಸಮಿತಿಯವರು ರಥಸಪ್ತಮಿ ಎಂದರು, ಅದಕ್ಕೂ ಆಗಲಿಲ್ಲ. ಅಧ್ಯಕ್ಷ ತಾಳ್ಮೆಗೆಟ್ಟು ಬಂದ. "ಮೇಷ್ಟ್ರೇ, ನಿಮ್ ಕೈಲಿ ಆಗ್ದಿದ್ರೆ ಹೇಳ್ಬುಡಿ, ತಿಪಟೂರಿಂದ ಬೋರ್ಡ್ ಬರೆಯೋನ್ನ ಕರೆಸ್ತೀನಿ, ಎರಡು ದಿನದಲ್ಲಿ ಮುಗಿಸ್ತಾನೆ" ಎಂದ. ಮೇಷ್ಟ್ರು ಮೇಲಿನಿಂದ ಇಳಿಯದೇ ಹೇಳಿದರು: "ಕರೆಸಪ್ಪ, ಧಾರಾಳವಾಗಿ ಕರೆಸು. ನೀನು ಎಂಟನೇ ಕ್ಲಾಸಲ್ಲಿ ಬರೆದಿದ್ದ ಆನೆ ನನ್ನ ಹತ್ರ ಇನ್ನೂ ಜೋಪಾನವಾಗಿದೆ. ಅದನ್ನೂ ಅವನ ಕೈಲೇ ಗೋಡೆಗೆ ಬರೆಸೋಣ, ಕೆಳಗೆ ದಪ್ಪಕ್ಷರದಲ್ಲಿ ನಿನ್ನ ಹೆಸರು." ಅಧ್ಯಕ್ಷ ಸುತ್ತ ನಿಂತಿದ್ದವರನ್ನು ನೋಡಿದ. ಆನೆಯೋ ಹಂದಿಯೋ ಎಂದು ಇಡೀ ಕ್ಲಾಸು ಕೇಳಿದ್ದ ಚಿತ್ರ ಅದು. ಬೋರ್ಡ್ ಬರೆಯುವವನು ಬರಲೇ ಇಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಯಿತು. ಮಂಜೂ ಹೋಯಿತು. ಹಬ್ಬದ ಮಾರನೆಯ ದಿನ ಹೆಂಗಸರೆಲ್ಲ ನೀರಿಗಿಳಿದು ಕಲ್ಲು ಸರಿಸಿ ಮಟ್ಟೆ ಎತ್ತಿದರು. ಅಂಥ ನಾರು ಬಹಳ ವರ್ಷಗಳಲ್ಲಿ ಬಂದಿರಲಿಲ್ಲ. ಲಕ್ಕಮ್ಮ ಒಂದು ಹಿಡಿ ತೊಳೆದು ತಂದು ಮೇಷ್ಟ್ರ ಕೈಗೆ ಕೊಟ್ಟಳು. ಅವರು ಅದನ್ನು ಮೂಸಿ ನೋಡಿದರು, ಉಗುರಿನ ಪಕ್ಕ ಹಿಡಿದು ನೋಡಿದರು. ಆಮೇಲೆ ಉಳಿದಿದ್ದ ಅಷ್ಟುದ್ದ ಗೋಡೆ, ಜಿಂಕೆ, ಜಲಪಾತ, ತಾವರೆ ಸಮೇತ, ಎರಡೇ ದಿನದಲ್ಲಿ ಮುಗಿಸಿ ಇಳಿದರು. ಅಧ್ಯಕ್ಷ ಬಾಯಿ ಬಿಟ್ಟುಕೊಂಡು ನೋಡಿದ.

ಜೆಸಿಬಿ ಬಂದು ದಂಡೆ ಮಟ್ಟ ಮಾಡಿ ಹೋಯಿತು. ಮೇಷ್ಟ್ರು ರಟ್ಟು ಹಿಡಿದುಕೊಂಡು ಕೆರೆಗೆ ಹೋದವರು ಹೋದಷ್ಟೇ ಬೇಗ ಬಂದರು. "ಏನೂ ಇಲ್ಲ ಕಣಮ್ಮ ಅಲ್ಲಿ. ಬರೀ ನೀರಿದೆ" ಎಂದರು. ಆ ದನಿ ಕೇಳಿ ನನಗೆ ಅಳು ಬಂತು. ಮಟ್ಟೆ ನೆನೆ ಹಾಕಲು ನಮ್ಮ ತೋಟದ ತಗ್ಗಿನಲ್ಲಿ ಒಂದು ಹೊಂಡ ತೋಡಿಸಿದೆವು. ಮೇಷ್ಟ್ರು ಅದರ ಸುತ್ತ ನಾಲ್ಕು ಸಲ ಸುತ್ತಿದರು. "ಈ ಹೊಂಡಕ್ಕೆ ಮಂಜು ಕೂರುತ್ತಾ?" ಎಂದು ಕೇಳಿದರು.

"ಕೂರದೇ ಎಲ್ಲಿಗೆ ಹೋಯ್ತದೆ? ಹೊಡೆದು ಕೂರಿಸ್ತೀನಿ. ಧನುರ್ಮಾಸ ಬರ್ಲಿ" ಎಂದೆ.

ಧನುರ್ಮಾಸ ಬರಲಿಲ್ಲ. ಎಂದರೆ, ಅವರಿಗೆ ಬರಲಿಲ್ಲ. ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಮೇಲೆ ಸದ್ದೇ ಇಲ್ಲ. ಅಟ್ಟದ ಕಾಯಿಗಳೂ ಸುಮ್ಮನಿದ್ದವು. ಅದಕ್ಕೇ ನನಗೆ ಹೆದರಿಕೆಯಾಗಿ ಮೆಟ್ಟಿಲು ಹತ್ತಿದೆ. ಕಿಟಕಿಯ ಪಕ್ಕ ಕುರ್ಚಿಯ ಮೇಲೆ ಕೂತಿದ್ದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಒರಗಿಕೊಂಡು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಹೆಬ್ಬೆರಳಿನ ಉಗುರಿನ ಮೇಲೆ ಬೂದಿಯೂ ಅಲ್ಲದ ಹಾಲೂ ಅಲ್ಲದ ಆ ಬಣ್ಣ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಮಂಚದ ಮೇಲ್ಗಡೆ ಹೊಳೆ ಸಾಹೇಬನ ಕೂಲಿಯವರು ಹಲಗೆ ಮೇಲೆ ನಡೆಯುತ್ತಲೇ ಇದ್ದರು.

ಈಗ ಸಂಜೆ ಹೊತ್ತು ಜನ ಆ ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಂಸ ಚೆನ್ನಾಗಿವೆ ಎನ್ನುತ್ತಾರೆ. ನಾನು ಅತ್ತ ಹೋಗುವುದು ಕಮ್ಮಿ. ಹೋದರೆ ಯಾರ ಮೇಲಾದರೂ ರೇಗಿ ಬರುತ್ತೇನೆ. ಆ ವರ್ಷ ನಮ್ಮ ಹತ್ತಾರು ಒಲೆಗಳು ಉರಿದದ್ದು ಒಬ್ಬ ಮನುಷ್ಯ ತನ್ನ ಕಡೆಯ ಮಂಜಿಗೆ ಬೆನ್ನು ಹಾಕಿ ನಿಂತದ್ದರಿಂದ. ಇದನ್ನು ಯಾವ ಗೋಡೆಯ ಮೇಲೂ ಬರೆದಿಲ್ಲ, ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ಮೇಷ್ಟ್ರು ಹೋದ ದಿನ ಅಂಗಳದಲ್ಲಿ ಚಟ್ಟ ಕಟ್ಟಲು ಯಾರೋ ಅಂಗಡಿಯಿಂದ ನೈಲಾನ್ ಹಗ್ಗ ತಂದರು. ಲಕ್ಕಮ್ಮ ಅದನ್ನು ಕಿತ್ತು ಬೇಲಿಯಾಚೆ ಎಸೆದಳು. ಮನೆಗೆ ಹೋಗಿ, ಆ ಶಿವರಾತ್ರಿಯ ನಾರಿನಿಂದ ಹೊಸೆದಿಟ್ಟಿದ್ದ ಹಗ್ಗ ತಂದು ಕಟ್ಟುವವರ ಕೈಗೆ ಕೊಟ್ಟಳು. ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ಗಂಟನ್ನೂ ಕೈಯಿಂದ ಎಳೆದು ನೋಡಿದಳು.

"ಬಿಗಿಯಾಗಿ ಕಟ್ರಪ್ಪ" ಎಂದಳು. "ನಮ್ ಮೇಷ್ಟ್ರು ಒಂದ್ಕಡೆ ಇರೋ ಜೀವ ಅಲ್ಲ. ಬೆಳಕು ಕಂಡ್ರೆ ಎದ್ದು ಹೊಂಟೋಗ್ಬುಡ್ತಾರೆ."

ಆಗತಾನೇ ಅಂಗಳಕ್ಕೆ ಬಿಸಿಲು ಬರುತ್ತಿತ್ತು. ನಾನು ಒಳಗೆ ಹೋಗಿ ಇನ್ನೊಂದು ಸಿಂಬೆ ಹಗ್ಗ ತಂದುಕೊಟ್ಟೆ.